ಎರಡು ತಂತಿ, ಒಂದು ಲೂಪ್

ಸಾಂಬ್ರಾದಲ್ಲಿ ಇಳಿಯೋ ವಿಮಾನ ನೋಡ್ತಾ ಬೆಳೆದ ಬೆಳಗಾವಿ ಹುಡುಗ ನಾನು. ರಿಮೋಟ್ ಇಲ್ಲದೆ ವಿಮಾನ ಹಾರಿಸಬಹುದು, ಗೊತ್ತೇನ್ರಿ? ಎನ್‌ಸಿಸಿ ಏರ್ ವಿಂಗ್ ಕೆಡೆಟ್‌ಗಳು ಹಾರಿಸೋ ಕಂಟ್ರೋಲ್ ಲೈನ್ ಮಾಡೆಲ್ ಅಂಥದ್ದು.

ಕೈಯಲ್ಲೊಂದು ಹಿಡಿಕೆ, ಅದರಿಂದ ಎರಡು ಉಕ್ಕಿನ ತಂತಿ. ಹಿಡಿಕೆ ವಾಲಿಸಿದ್ರೆ ಬೆಲ್‌ಕ್ರ್ಯಾಂಕ್ ತಿರುಗಿ ಬಾಲದ ಎಲಿವೇಟರ್ ಅಲುಗ್ತದೆ. ತಂತಿ ಬಿಗಿಯಿದ್ರೆ ಮಾತ್ರ ವಿಮಾನ ಮಾತು ಕೇಳ್ತದೆ.

ಖಾನಾಪುರದ ಬಯಲಲ್ಲಿ ಮೊದಲ ಲೂಪನ್ನು ಗಾಳಿಗೆ ಮುಖಮಾಡಿ ಹೊಡೆದೆ. ತಂತಿ ಸಡಿಲಾಯ್ತು, ತಿಂಗಳ ಕೆಲಸ ಮಣ್ಣುಪಾಲು! ಗಾಳಿ ಬೆನ್ನಿಗಿದ್ದಾಗಲೇ ಲೂಪ್ ಹೊಡೀಬೇಕು. ಅದು ವಿಮಾನವನ್ನ ಆಚೆ ತಳ್ಳಿ ತಂತಿ ಬಿಗಿಯಾಗಿಡ್ತದೆ.

ಹಾರಿಸೋ ಮುನ್ನ ತಂತಿ ಜೋರಾಗಿ ಎಳೆದು ನೋಡಿ. ಹತ್ತಿರ ಕರೆಂಟ್ ಲೈನ್ ಇದ್ರೆ ಹಾರಿಸಲೇಬೇಡಿ. ವಿಮಾನ ಮತ್ತೆ ಕಟ್ಟಬಹುದು, ಜೀವ ಕಟ್ಟೋಕಾಗಲ್ಲ.