ಚಾರ್ಜ್ ಆಗದ ಫೋನು

ರಾತ್ರಿ ಚಾರ್ಜಿಗೆ ಹಾಕಿದ ಫೋನು ಬೆಳಗ್ಗೆ ಉಸಿರಿಲ್ಲದೆ ಬಿದ್ದಿರುವುದುಂಟು. ಬ್ಯಾಟರಿಯೇ ಹೋಯಿತೆಂದು ಒಡನೆ ಅಂಗಡಿಗೆ ಓಡಬೇಡಿರಿ. ಪರೀಕ್ಷೆ ಗೋಡೆಯಿಂದ ಆರಂಭವಾಗಲಿ. ಅದೇ ಸಾಕೆಟ್ಟಿನಲ್ಲಿ ಬೇರೊಂದು ದೀಪ ಉರಿಯುವುದೆ? ಕೇಬಲ್ಲು, ಚಾರ್ಜರು ಬದಲಿಸಿದರೆ ಫೋನು ಚೇತರಿಸುವುದೆ? ಪೂರ್ತಿ ಬರಿದಾದ ಬ್ಯಾಟರಿ ತೆರೆ ಬೆಳಗಿಸಲು ಅರ್ಧ ಗಂಟೆ ಬೇಡಿದರೂ ಬೇಡೀತು, ತಾಳ್ಮೆಯಿರಲಿ.

ಆಮೇಲೆ ಚಾರ್ಜಿಂಗ್ ಕಿಂಡಿಯನ್ನು ಬೆಳಕಿಗೆ ಹಿಡಿದು ನೋಡಿರಿ. ಜೇಬಿನ ನೂಲು, ಧೂಳು ಅಲ್ಲಿ ಗಟ್ಟಿಯಾಗಿ ಕುಳಿತು, ಕೇಬಲ್ಲು ಪೂರ್ತಿ ಒಳಹೋಗದಂತೆ ತಡೆಯುತ್ತವೆ. ಫೋನನ್ನು ಆಫ್ ಮಾಡಿ, ಒಣ ಮರದ ಹಲ್ಲುಕಡ್ಡಿಯಿಂದ ಮೆಲ್ಲನೆ ತೆಗೆಯಿರಿ. ಪಿನ್ನು, ಸೂಜಿ ಬೇಡವೇ ಬೇಡ. ಲೋಹ ತಾಗಿದರೆ ಒಳಗಿನ ಸಣ್ಣ ಸಂಪರ್ಕಗಳು ಕೆಡುತ್ತವೆ. ನೀರು ಹೋಗಿದ್ದರೆ ಗಾಳಿಯಾಡುವಲ್ಲಿ ಒಣಗಿಸಿರಿ. ಅಕ್ಕಿಯಲ್ಲಿ ಹೂತರೆ ಅದರ ಪುಡಿ ಕಿಂಡಿ ಸೇರೀತು.

ಆದರೆ ಒಂದು ಎಚ್ಚರಿಕೆ. ಫೋನಿನ ಬೆನ್ನು ಉಬ್ಬಿದ್ದರೆ, ತೆರೆ ಮೇಲೆದ್ದಿದ್ದರೆ, ಯಾವ ಪ್ರಯೋಗವೂ ಸಲ್ಲದು. ಒಳಗಿನ ಲಿಥಿಯಂ-ಅಯಾನ್ ಬ್ಯಾಟರಿಯಲ್ಲಿ ಅನಿಲ ತುಂಬಿರುತ್ತದೆ. ಒತ್ತಿದರೆ, ಚುಚ್ಚಿದರೆ ಬೆಂಕಿ ಹತ್ತಬಹುದು. ಚಾರ್ಜರಿನಿಂದ ಬಿಡಿಸಿ, ಬಲ್ಲ ರಿಪೇರಿಯವರಿಗೆ ಒಪ್ಪಿಸಿರಿ. ಕೈ ಹಾಕಬಹುದಾದುದು ಯಾವುದು, ಹಾಕಬಾರದುದು ಯಾವುದು ಎಂದು ತಿಳಿದರೆ ಅರ್ಧ ರಿಪೇರಿ ಮುಗಿದಂತೆಯೇ ಸರಿ.