ಕಾಯಿಲೆಯ ಬೆಕ್ಕೂ ಒಂದು ಅಮಾನತ್
(ಜಾವಳಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಶಿಕ್ಷಣ, ಉದ್ಯೋಗ, ವರದಕ್ಷಿಣೆಯಂತಹ ಗಂಭೀರ ಪ್ರಶ್ನೆಗಳು ಸಮುದಾಯದ ಮುಂದಿರುವಾಗ ಬೆಕ್ಕಿನ ಬಗ್ಗೆ ಮಾತನಾಡುವುದೇಕೆ ಎಂದು ಕೆಲವರಿಗೆ ಅಚ್ಚರಿಯಾಗಬಹುದು. ನಮ್ಮ ಅಧೀನದಲ್ಲಿರುವ ದುರ್ಬಲ ಜೀವಿಯೊಂದು ನಮಗೆ ಹೊರೆಯಾದಾಗ ನಾವು ಹೇಗೆ ವರ್ತಿಸುತ್ತೇವೆ ಎಂಬುದು ನಮ್ಮ ಧಾರ್ಮಿಕತೆಯ ಪರೀಕ್ಷೆಯೂ ಹೌದು ಎಂದು ನಾನು ಭಾವಿಸಿದ್ದೇನೆ. ಆದ್ದರಿಂದ ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ಈ ಮಲೆನಾಡಿನಿಂದ ಜನರು ಹೊರಟುಹೋಗುವುದು ಹೊಸದೇನಲ್ಲ. ತೋಟದ ಲೈನು ಮನೆಯಲ್ಲಿರುವವರಿಗೆ ಕೆಲಸ ಮುಗಿದರೆ ಮನೆಯೂ ಮುಗಿಯಿತು. ಮಕ್ಕಳ ಓದಿಗೆಂದು ಮಂಗಳೂರಿಗೆ, ದುಡಿಮೆಗೆಂದು ಬೆಂಗಳೂರಿಗೆ, ಕೊಲ್ಲಿ ರಾಷ್ಟ್ರಗಳಿಗೆ ಹೋದವರು ಪ್ರತಿ ಊರಿನಲ್ಲೂ ಇದ್ದಾರೆ. 2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಗುಡ್ಡ ಕುಸಿದು, ಮಲೆಮನೆ, ಚನ್ನಡ್ಲು ಮುಂತಾದ ಕಡೆಗಳಲ್ಲಿ ಮನೆಮಾರು ಕಳೆದುಕೊಂಡವರನ್ನೂ ನಾವು ಕಂಡಿದ್ದೇವೆ. ಪ್ರಕೃತಿ ವಿಕೋಪದ ಪರಿಹಾರ ನಿಯಮಗಳಲ್ಲಿ ಹಸು, ಎಮ್ಮೆ, ಎತ್ತು, ಆಡು, ಕುರಿ, ಕೋಳಿಗಳಿಗೆ ಲೆಕ್ಕವಿದೆ. ಬೆಕ್ಕಿಗೆ ಅಲ್ಲಿ ಸ್ಥಾನವಿಲ್ಲ. ಪೇಟೆಯ ಬಾಡಿಗೆ ಮನೆಯ ಮಾಲೀಕರೂ ಅದಕ್ಕೆ ಸ್ಥಾನ ಕೊಡುವುದು ಕಡಿಮೆ. ಹೀಗೆ, ಹತ್ತು ವರ್ಷ ಒಲೆಯ ಪಕ್ಕದಲ್ಲಿ ಮಲಗಿದ ಬೆಕ್ಕನ್ನು ಏನು ಮಾಡುವುದೆಂಬ ಪ್ರಶ್ನೆ ಎಷ್ಟೋ ಮನೆಗಳಲ್ಲಿ ಏಳುತ್ತದೆ. ಆ ಬೆಕ್ಕು ನಿತ್ಯರೋಗಿಯೂ ಆಗಿದ್ದರೆ ಪ್ರಶ್ನೆ ಇನ್ನಷ್ಟು ಕಠಿಣವಾಗುತ್ತದೆ.

ನಮ್ಮಲ್ಲಿ ಇದಕ್ಕೊಂದು ಸುಲಭದ ಉತ್ತರ ರೂಢಿಯಲ್ಲಿದೆ. ಗೋಣಿಚೀಲದಲ್ಲಿ ಕಟ್ಟಿ, ಜೀಪಿನಲ್ಲಿಟ್ಟು, ಹೊಳೆಯಾಚೆಗೋ ಮೀನು ಮಾರುಕಟ್ಟೆಯ ಹತ್ತಿರವೋ ಬಿಟ್ಟುಬರುವುದು. ಹೇಗೋ ಬದುಕಿಕೊಳ್ಳುತ್ತದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುವುದು. ಆರೋಗ್ಯವಂತ ಬೆಕ್ಕಿಗೇ ಅಪರಿಚಿತ ಜಾಗದಲ್ಲಿ ನಾಯಿಗಳ, ವಾಹನಗಳ, ಬೇರೆ ಬೆಕ್ಕುಗಳ ಕಾಟ ತಪ್ಪದು. ರೋಗಿಯ ಗತಿಯೇನು? ಮೂತ್ರಪಿಂಡ ಸೋತ ಮುದಿ ಬೆಕ್ಕು ಪದೇ ಪದೇ ನೀರು ಕುಡಿಯುತ್ತದೆ, ಪದೇ ಪದೇ ಮೂತ್ರ ಮಾಡುತ್ತದೆ, ದಿನೇ ದಿನೇ ಸೊರಗುತ್ತದೆ. ಈ ರೋಗ ಪೂರ್ತಿ ಗುಣವಾಗುವಂಥದ್ದಲ್ಲ. ಆದರೂ ಸರಿಯಾದ ಆಹಾರ, ಧಾರಾಳ ನೀರು, ವೈದ್ಯರ ಔಷಧವಿದ್ದರೆ ಎಷ್ಟೋ ಬೆಕ್ಕುಗಳು ತಿಂಗಳುಗಟ್ಟಲೆ, ಕೆಲವು ವರ್ಷಗಟ್ಟಲೆ ನೆಮ್ಮದಿಯಿಂದಿರುತ್ತವೆ. ಸಿಹಿಮೂತ್ರ ರೋಗವಿರುವ ಬೆಕ್ಕಿಗೆ ಸಾಮಾನ್ಯವಾಗಿ ದಿನಕ್ಕೆ ಎರಡು ಬಾರಿ ಇನ್ಸುಲಿನ್ ಬೇಕು. ಗಂಡು ಬೆಕ್ಕಿಗೆ ಮೂತ್ರ ಕಟ್ಟಿಕೊಂಡರೆ ಒಂದೆರಡು ದಿನಗಳಲ್ಲೇ ಪ್ರಾಣಕ್ಕೆ ಸಂಚಕಾರ. ಇಂತಹ ಜೀವಿಯನ್ನು ದಾರಿಯಲ್ಲಿ ಇಳಿಸಿ ಬರುವುದೆಂದರೆ ನಿಧಾನವಾಗಿ ಸಾಯಲು ಬಿಡುವುದೆಂದೇ ಅರ್ಥ.

ಬಂಧುಗಳೇ, ಬೆಕ್ಕನ್ನು ಕಟ್ಟಿಹಾಕಿ, ತಾನೂ ಉಣಿಸದೆ, ತಾನಾಗಿ ಬೇಟೆಯಾಡಲೂ ಬಿಡದೆ ಸಾಯಿಸಿದ ಸ್ತ್ರೀ ಶಿಕ್ಷೆಗೆ ಗುರಿಯಾದಳೆಂಬ ಪ್ರವಾದಿ ವಚನವನ್ನು ಮದ್ರಸದ ಸಣ್ಣ ಮಕ್ಕಳೂ ಬಲ್ಲರು. ನಾವೇನೂ ಕಟ್ಟಿಹಾಕಿಲ್ಲವಲ್ಲ, ಬಿಡುಗಡೆ ಮಾಡಿದ್ದೇವಲ್ಲ ಎಂದು ಯಾರಾದರೂ ವಾದಿಸಬಹುದು. ಆದರೆ ಬೇಟೆಯಾಡುವ ಶಕ್ತಿಯೇ ಇಲ್ಲದ ರೋಗಿಗೆ ಆ ಬಿಡುಗಡೆಯಿಂದ ಏನು ಪ್ರಯೋಜನ? ಅಬೂ ಕತಾದ(ರ)ರು ವುಝೂ ಮಾಡಲಿದ್ದ ನೀರಿಗೆ ಬೆಕ್ಕೊಂದು ಬಾಯಿ ಹಾಕಲು ಬಂದಾಗ ಅದು ಕುಡಿಯಲೆಂದು ಪಾತ್ರೆಯನ್ನು ಬಾಗಿಸಿ ಹಿಡಿದರು. ಬೆಕ್ಕು ಅಶುದ್ಧವಲ್ಲ, ಅದು ನಿಮ್ಮ ನಡುವೆ ಓಡಾಡಿಕೊಂಡಿರುವ ಜೀವಿಗಳಲ್ಲೊಂದು ಎಂದು ಪ್ರವಾದಿ(ಸ)ರು ಹೇಳಿದ್ದನ್ನು ಅವರು ಆಗ ತಿಳಿಸಿದರು. ಹಾಗಾದರೆ ಬೆಕ್ಕಿನ ಸ್ಥಾನ ಮನೆಯ ಹೊರಗಿಲ್ಲ, ಮನೆಯವರ ನಡುವೆ ಇದೆ.

ಕ್ರಿ.ಶ. 1262ರಲ್ಲಿ ಕೈರೋದಲ್ಲಿ ನಿಧನರಾದ ಮಹಾವಿದ್ವಾಂಸ ಇಝ್ಝುದ್ದೀನ್ ಇಬ್ನು ಅಬ್ದಿಸ್ಸಲಾಮ್ ಅವರು ಸಾಕುಪ್ರಾಣಿಗಳಿಗೆ ಮನುಷ್ಯನ ಮೇಲಿರುವ ಹಕ್ಕುಗಳನ್ನು ಪಟ್ಟಿ ಮಾಡಿದ್ದಾರೆ. ಪ್ರಾಣಿಗೆ ವಯಸ್ಸಾಗಲಿ, ರೋಗ ಬರಲಿ, ಅದರಿಂದ ಯಾವ ಪ್ರಯೋಜನವೂ ಇಲ್ಲದಾಗಲಿ, ಅದರ ನಿರ್ವಹಣೆಯ ಖರ್ಚು ಯಜಮಾನನದೇ ಎಂಬುದು ಅವುಗಳಲ್ಲೊಂದು. ಇಲಿ ಹಿಡಿಯುವವರೆಗೆ ಬೆಕ್ಕು, ಹಿಡಿಯದಿದ್ದರೆ ಪೀಡೆ ಎಂಬ ನಮ್ಮ ಲೆಕ್ಕಾಚಾರಕ್ಕೆ ಏಳು ಶತಮಾನಗಳ ಹಿಂದೆಯೇ ಸಿಕ್ಕ ಉತ್ತರವಿದು.

ಹಾಗೆಂದು ಬೆಕ್ಕನ್ನು ಬೇರೊಬ್ಬರಿಗೆ ಕೊಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ನೋಡಿಕೊಳ್ಳಲು ನಿಜವಾಗಿಯೂ ಸಾಧ್ಯವಿಲ್ಲದಿದ್ದರೆ, ಸಾಧ್ಯವಿರುವ ಕೈಗೆ ಒಪ್ಪಿಸುವುದು ಹೊಣೆಗಾರಿಕೆಯೇ. ಕಣ್ಣೀರಿಡುತ್ತಾ ಒಪ್ಪಿಸುವ ಅಜ್ಜಿಯನ್ನೋ ಮಕ್ಕಳನ್ನೋ ನಿಷ್ಕರುಣಿಗಳೆಂದು ಜರೆಯುವ ಅಧಿಕಾರ ಯಾರಿಗೂ ಇಲ್ಲ. ಆದರೆ ಒಪ್ಪಿಸುವುದಕ್ಕೆ ಕೆಲವು ಷರತ್ತುಗಳಿವೆ.

ಮೊದಲನೆಯದು ಸತ್ಯ. ಪ್ರವಾದಿ(ಸ)ರು ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಗಲಿತು. ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲಿಡಬೇಕಿತ್ತು ಎಂದು ಅವರು ವ್ಯಾಪಾರಿಯನ್ನು ಎಚ್ಚರಿಸಿದರು. ಕೊರತೆಯನ್ನು ಮುಚ್ಚಿಟ್ಟು ಕೊಡುವುದು ವಂಚನೆ. ಕಾಯಿಲೆ ಹೇಳಿದರೆ ಯಾರೂ ಒಯ್ಯುವುದಿಲ್ಲವೆಂದು ಸುಮ್ಮನಿರುವುದು, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ. ಹೊಸ ಮನೆಯವರಿಗೆ ವಾರದೊಳಗೆ ವಿಷಯ ತಿಳಿಯುತ್ತದೆ, ಅವರು ಅದನ್ನು ಅದೇ ಗೋಣಿಚೀಲಕ್ಕೆ ಹಾಕುತ್ತಾರೆ. ಆದ್ದರಿಂದ ರೋಗದ ಹೆಸರು, ಔಷಧದ ಪ್ರಮಾಣ ಮತ್ತು ಹೊತ್ತು, ವೈದ್ಯರ ಚೀಟಿ, ರೇಬಿಸ್ ಲಸಿಕೆಯ ದಿನಾಂಕ, ತಿಂಗಳಿಗೆ ತಗಲುವ ಖರ್ಚು ಎಲ್ಲವನ್ನೂ ಬರೆದು ಕೊಡಬೇಕು. ಜ್ವರವೆಂದು ಪ್ಯಾರಸಿಟಮಾಲ್ ಕೊಡಬಾರದು, ಮನುಷ್ಯರ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು ಎಂಬುದನ್ನೂ ಅದರಲ್ಲಿ ಬರೆಯಬೇಕು.

ಎರಡನೆಯದು ಖರ್ಚು. ಇಝ್ಝುದ್ದೀನರ ಕಾಲದ ಈಜಿಪ್ಟಿನಲ್ಲೇ ಸುಲ್ತಾನ್ ಬೈಬರ್ಸ್ ಬೆಕ್ಕುಗಳ ಆಹಾರಕ್ಕೆಂದು ಒಂದು ತೋಟವನ್ನೇ ಬಿಟ್ಟುಹೋದನೆಂದು ಆಂಗ್ಲ ಲೇಖಕ ಎಡ್ವರ್ಡ್ ಲೇನ್ 1836ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ. ಕಾಲಾಂತರದಲ್ಲಿ ಆ ತೋಟ ಮಾರಾಟವಾಗಿ ಆದಾಯ ಕ್ಷೀಣಿಸಿದರೂ, ಲೇನ್ ಅಲ್ಲಿದ್ದಾಗ ಕಾಝಿಯ ನ್ಯಾಯಾಲಯದ ಅಂಗಳದಲ್ಲಿ ಬೆಕ್ಕುಗಳಿಗೆ ಊಟ ನಡೆದೇ ಇತ್ತು. ನಮ್ಮಲ್ಲಿ ತೋಟ ಬಿಟ್ಟುಹೋಗುವಷ್ಟು ಸ್ಥಿತಿವಂತರು ಕಡಿಮೆ. ಆದರೆ ಬೆಕ್ಕಿನೊಂದಿಗೆ ಮೂರು ತಿಂಗಳ ಔಷಧವನ್ನು ಕೊಡಲು, ಬಳಿಕ ಕೈಲಾದಷ್ಟು ಕಳುಹಿಸಲು ಮನಸ್ಸಿದ್ದರೆ ಸಾಧ್ಯ. ರೋಗಿಯನ್ನು ಒಪ್ಪಿಸಿಕೊಂಡವರಿಂದ ಹಣ ಕೇಳುವುದಂತೂ ಸಲ್ಲದು. ಬೆಕ್ಕಿನ ಮಾರಾಟವನ್ನು ನಿಷೇಧಿಸುವ ಹದೀಸ್ ಇರುವುದರಿಂದ ವಿದ್ವಾಂಸರಲ್ಲಿ ಅದರ ಬಗ್ಗೆ ಮೊದಲೇ ಭಿನ್ನಾಭಿಪ್ರಾಯವಿದೆ.

ಮೂರನೆಯದು ತಾಳ್ಮೆ. ಬೆಕ್ಕು ಜನರನ್ನು ಹಚ್ಚಿಕೊಳ್ಳುವಂತೆಯೇ ಜಾಗವನ್ನೂ ಹಚ್ಚಿಕೊಳ್ಳುತ್ತದೆ. ಹೊರಡುವ ಹಿಂದಿನ ದಿನ ಮನೆ ಹುಡುಕಬಾರದು. ಒಪ್ಪಿಸುವ ಮುನ್ನ ಹೊಸಬರು ನಾಲ್ಕಾರು ಸಲ ಬಂದು ತಮ್ಮ ಕೈಯಿಂದಲೇ ಔಷಧ ಕೊಟ್ಟು ಅಭ್ಯಾಸ ಮಾಡಿಕೊಳ್ಳಲಿ. ಅದು ಮಲಗುತ್ತಿದ್ದ ಹಳೆಯ ಬಟ್ಟೆಯನ್ನು ಒಗೆಯದೆ ಜೊತೆಗೆ ಕಳುಹಿಸಿರಿ. ಹೊಸ ಮನೆಯಲ್ಲಿ ಮೊದಲ ಎರಡು ಮೂರು ವಾರ ಬಾಗಿಲು ಹಾಕಿದ ಕೋಣೆಯಲ್ಲಿರಲಿ, ಇಲ್ಲವಾದರೆ ಹಳೆಯ ಮನೆಯನ್ನು ಹುಡುಕುತ್ತಾ ಹೊರಟು ದಾರಿ ತಪ್ಪುತ್ತದೆ. ಪೂರ್ತಿ ಒಂದು ದಿನ ಆಹಾರ ಮುಟ್ಟದಿದ್ದರೆ ವೈದ್ಯರಿಗೆ ತಿಳಿಸಬೇಕು. ಕೆಲವು ದಿನ ಉಪವಾಸವಿದ್ದ ಬೆಕ್ಕಿಗೆ ಯಕೃತ್ತಿನ ಮಾರಕ ರೋಗ ತಗಲಬಹುದು.

ನಾಲ್ಕನೆಯದು, ಹಿಂದೆ ಪಡೆಯುವ ಮಾತು. ಅವರಿಂದ ಆಗದಿದ್ದರೆ ಬೇರೆ ಯಾರಿಗೂ ಕೊಡದೆ, ಎಲ್ಲಿಯೂ ಬಿಡದೆ ನನಗೆ ತಿಳಿಸಲಿ, ಮುಂದಿನ ವ್ಯವಸ್ಥೆ ನನ್ನದು ಎಂದು ಒಪ್ಪಿಸುವವರು ಮಾತು ಕೊಡಬೇಕು. ಈ ಮಾತಿಲ್ಲದಿದ್ದರೆ ಒಪ್ಪಿಸುವುದಕ್ಕೂ ಕೈ ತೊಳೆದುಕೊಳ್ಳುವುದಕ್ಕೂ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ.

ದೇಶದ ಕಾನೂನು ಏನನ್ನುತ್ತದೆ? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವಂತಹ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು ಅಪರಾಧ. ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ! ಹಲವು ದಶಕಗಳ ಹಿಂದೆ ನಿಗದಿಯಾದ ದಂಡವಿದು. ಮೂಕಜೀವಿಗಳಿಗೆ ಮತವಿಲ್ಲ, ಆದ್ದರಿಂದ ಶಾಸಕಾಂಗಕ್ಕೆ ಅವಸರವೂ ಇಲ್ಲ. 50 ರೂಪಾಯಿಯ ಭಯ ಯಾರನ್ನೂ ತಡೆಯದು. ಅಲ್ಲಾಹನ ಮುಂದೆ ಲೆಕ್ಕ ಒಪ್ಪಿಸಬೇಕಾದ ಭಯವೇ ನಮ್ಮನ್ನು ತಡೆಯಬೇಕು.

ಪ್ರತಿ ಜಮಾಅತ್‌ನಲ್ಲೂ ವಲಸೆ ಹೋಗುವ ಕುಟುಂಬಗಳಿವೆ. ಅವರ ಸಾಮಾನು ಲಾರಿಗೆ ಏರಿಸಲು ನಮ್ಮ ಯುವಕರು ಓಡಿಬರುತ್ತಾರೆ, ಅದು ಅಭಿಮಾನದ ಸಂಗತಿ. ಅದೇ ಯುವಕರು ಒಂದು ತಿಂಗಳು ಮುಂಚೆಯೇ, ನಿಮ್ಮ ಬೆಕ್ಕಿನ ವ್ಯವಸ್ಥೆ ಏನಾಯಿತು ಎಂದು ವಿಚಾರಿಸಲಿ. ಧರ್ಮ ನೋಡದೆ ನೆರೆಮನೆಗಳಲ್ಲಿ ಕೇಳಲಿ. ಬೆಕ್ಕಿಗೆ ಔಷಧ ತಿನ್ನಿಸಲು ಬಲ್ಲ ಒಂದು ಮನೆ ಈ ಹೋಬಳಿಯಲ್ಲಿ ಖಂಡಿತ ಸಿಗುತ್ತದೆ. ಸಿಗುವವರೆಗೆ ಅದು ನಮ್ಮ ಮನೆಯಲ್ಲೇ ಇರಲಿ. ನಮ್ಮ ಕೈಗೆ ಬಂದ ಅಮಾನತ್ತನ್ನು ಸರಿಯಾಗಿ ತಲಪಿಸುವ ಸದ್ಬುದ್ಧಿಯನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ ಎಂದು ಪ್ರಾರ್ಥಿಸುತ್ತಾ ನನ್ನ ಮಾತುಗಳನ್ನು ಮುಗಿಸುತ್ತೇನೆ. ವಸ್ಸಲಾಮ್.