ಆಕಾಶದ ಉತಾರ



ರೋಹಿಣಿ ಮಳೆಯ ದಿನಗಳಲ್ಲಿ ಕಲಘಟಗಿಯಲ್ಲಿ ರೇಡಿಯೋ ಕೇಳುವುದಕ್ಕೆ ತಾಳ್ಮೆ ಬೇಕು. ಯಲ್ಲಾಪುರದ ಕಾಡಿನ ಮೇಲೆ ಮೋಡ ಕಟ್ಟಿತೆಂದರೆ, ಊರಲ್ಲಿ ಇನ್ನೂ ಬಿಸಿಲಿರುವಾಗಲೇ ಧಾರವಾಡ ಕೇಂದ್ರದ ಹಾಡಿನ ನಡುವೆ ‘ಖರ್ ಖರ್’ ಶುರು. ನಮ್ಮ ಓಣಿಯಲ್ಲಿ ತೊಟ್ಟಿಲಿಗೆ ಬಣ್ಣ ಹಚ್ಚುವ ಅಜ್ಜನೊಬ್ಬನಿದ್ದ. ತನ್ನ ಟ್ರಾನ್ಸಿಸ್ಟರಿಗೆ ಒಂದು ತಾಮ್ರದ ತಂತಿ ಸುತ್ತಿ, ಅದರ ತುದಿಯನ್ನು ಹಂಚಿನ ಸಂದಿಯಿಂದ ಹೊರಗೆ ಬಿಟ್ಟಿದ್ದ. ಖರ್ ಖರ್ ಕೇಳಿದ್ದೇ ತಡ, ಕುಂಚ ಕೆಳಗಿಟ್ಟು, ಅಂಗಳದಲ್ಲಿ ಒಣಗಲು ಹಾಕಿದ್ದ ಹಲಗೆಗಳನ್ನು ಒಳಗೆ ಸಾಗಿಸುತ್ತಿದ್ದ. “ಮಳಿ ಬಂತು, ರೇಡಿಯೋ ಹೇಳೇತಿ” ಎನ್ನುತ್ತಿದ್ದ. ಹಾಡು ಹೇಳಿದ್ದಲ್ಲ, ಹಾಡು ಕೆಡಿಸಿದ ಗದ್ದಲ ಹೇಳಿದ್ದು.

ಮುಂದೆ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವಾಗ, ರೇಡಿಯೋದ ಗದ್ದಲವೆಲ್ಲ ಸಿಡಿಲಿನದು ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದೆ. ಅರ್ಧ ಪಾಠ ಅದು. ಉಳಿದರ್ಧ ನನಗೇ ತಡವಾಗಿ ಗೊತ್ತಾಯಿತು. ಇವತ್ತು ಆ ಬಾಕಿ ತೀರಿಸುತ್ತೇನೆ.

1930ರ ಸುಮಾರಿಗೆ ಅಮೆರಿಕದ ನ್ಯೂಜೆರ್ಸಿಯಲ್ಲಿ ಕಾರ್ಲ್ ಜಾನ್ಸ್ಕಿ ಎಂಬ ತರುಣ ಎಂಜಿನಿಯರನಿಗೆ ಬೆಲ್ ಟೆಲಿಫೋನ್ ಪ್ರಯೋಗಾಲಯ ಒಪ್ಪಿಸಿದ್ದು ಇದೇ ಗದ್ದಲದ ಲೆಕ್ಕ ಇಡುವ ಕೆಲಸ. ಸಾಗರದಾಚೆಗೆ ರೇಡಿಯೋ ಅಲೆಗಳ ಮೇಲೆ ಟೆಲಿಫೋನ್ ಮಾತು ಕಳಿಸುವಾಗ ಅಡ್ಡ ಬರುವ ಸದ್ದು ಎಲ್ಲಿಯದೆಂದು ಕಂಪನಿಗೆ ತಿಳಿಯಬೇಕಿತ್ತು. ಜಾನ್ಸ್ಕಿ ದೊಡ್ಡದೊಂದು ಆಂಟೆನಾ ಕಟ್ಟಿ, ಅದನ್ನು ಫೋರ್ಡ್ ಕಾರಿನ ಗಾಲಿಗಳ ಮೇಲೆ ಕೂರಿಸಿ ಗಾಣದಂತೆ ತಿರುಗಿಸಿದ. ಮೂರು ಬಗೆಯ ಸದ್ದು ಸಿಕ್ಕಿತು. ಒಂದು ಹತ್ತಿರದ ಸಿಡಿಲಿನದು, ಇನ್ನೊಂದು ದೂರದ ಸಿಡಿಲಿನದು. ಇವೆರಡು ನಮ್ಮ ಅಜ್ಜನಿಗೂ ಗೊತ್ತಿದ್ದವು. ಮೂರನೆಯದು ಸಣ್ಣಗೆ, ಎಡೆಬಿಡದೆ ‘ಸುಯ್’ ಎನ್ನುವಂಥದು. ಅದು ಜೋರಾಗುವ ಹೊತ್ತು ಪ್ರತಿದಿನ 4 ನಿಮಿಷ ಮುಂಚೆ ಬರುತ್ತಿತ್ತು. ಸೂರ್ಯನ ಕೆಲಸವಾಗಿದ್ದರೆ 24 ಗಂಟೆಗೆ ಸರಿಯಾಗಿ ಬರಬೇಕಿತ್ತು. 23 ಗಂಟೆ 56 ನಿಮಿಷಕ್ಕೊಮ್ಮೆ ಸುತ್ತು ಮುಗಿಸುವುದು ನಕ್ಷತ್ರಗಳ ಲೆಕ್ಕ. ಸದ್ದು ಬರುತ್ತಿದ್ದದ್ದು ಧನು ರಾಶಿಯ ದಿಕ್ಕಿನಿಂದ, ಅಂದರೆ ನಮ್ಮ ಆಕಾಶಗಂಗೆಯ ನಡುಮನೆಯಿಂದ. 1933ರಲ್ಲಿ ಅವನು ಇದನ್ನು ಪ್ರಕಟಿಸಿದ. ಕಂಪನಿಗೆ ಬೇಕಾದ ಉತ್ತರ ಸಿಕ್ಕಿತ್ತು. ಅವನಿಗೆ ಬೇರೆ ಕೆಲಸ ಕೊಟ್ಟರು.

ಅವನ ಕೆಲಸ ಮುಂದುವರಿಸಿದವನು ಗ್ರೋಟ್ ರೀಬರ್. 1937ರಲ್ಲಿ ಇಲಿನಾಯ್‌ನ ವ್ಹೀಟನ್ ಊರಿನ ತನ್ನ ಮನೆಯ ಹಿತ್ತಲಲ್ಲಿ, ತನ್ನ ಸ್ವಂತ ದುಡ್ಡಿನಲ್ಲಿ, ಸುಮಾರು 31 ಅಡಿ ಅಗಲದ ಲೋಹದ ಬೋಗುಣಿ ಕಟ್ಟಿಕೊಂಡ. ಮೊದಲೆರಡು ಪ್ರಯತ್ನಗಳಲ್ಲಿ ಏನೂ ಕೇಳಲಿಲ್ಲ. ಮೂರನೆಯ ಸಲ, 160 ಮೆಗಾಹರ್ಟ್ಸ್‌ನಲ್ಲಿ, ಆಕಾಶಗಂಗೆ ಕೇಳಿಸಿತು. 1944ರ ಹೊತ್ತಿಗೆ ರೇಡಿಯೋ ಆಕಾಶದ ನಕ್ಷೆ ಪ್ರಕಟವಾಯಿತು. ಜಗತ್ತು ಯುದ್ಧದಲ್ಲಿ ಮುಳುಗಿದ್ದಾಗ ಒಬ್ಬನೇ ಒಬ್ಬ ಹಿತ್ತಲಲ್ಲಿ ಕೂತು ಆಕಾಶವನ್ನು ಮೋಜಣಿ ಮಾಡುತ್ತಿದ್ದ ಎಂದು ನೆನೆದರೆ ನನಗೆ ಈಗಲೂ ಸೋಜಿಗ.

ಮೋಜಣಿ ಎಂದೆನಲ್ಲ, ಅಲ್ಲಿಗೇ ಬರುತ್ತೇನೆ. ನಮ್ಮ ಕಡೆ ಹೊಲ ಇದ್ದವರಿಗೆ ಉತಾರ ಏನೆಂದು ಹೇಳಬೇಕಿಲ್ಲ. ಜಮೀನಿನ ಸರ್ವೆ ನಂಬರು, ಹಿಸ್ಸಾ, ಚಕ್ಕುಬಂದಿ, ಕ್ಷೇತ್ರ, ಒಡೆಯನ ಹೆಸರು ಇರುವ ದಾಖಲೆ. ರೇಡಿಯೋ ಖಗೋಲಶಾಸ್ತ್ರದ ಮೊದಲ ಮೂವತ್ತು ವರ್ಷ ನಡೆದದ್ದು ಹೆಚ್ಚುಕಡಿಮೆ ಇಂಥ ದಾಖಲೆ ಬರೆಯುವ ಕೆಲಸವೇ. ಆಕಾಶದಲ್ಲಿ ಎಲ್ಲಿಂದ ಸದ್ದು ಬರುತ್ತದೆ, ಎಷ್ಟು ಜೋರು, ಅಲ್ಲಿ ಒಡೆಯ ಯಾರು? ಕೊನೆಯ ಕಲಮು ತುಂಬುವುದೇ ಕಷ್ಟವಾಗಿತ್ತು. ರೇಡಿಯೋ ಯಂತ್ರಕ್ಕೆ ಸದ್ದು ಕೇಳುತ್ತದೆ. ಆದರೆ ಅದು ಇದೇ ನಕ್ಷತ್ರದ್ದೆಂದು ಬೆರಳು ಮಾಡಿ ತೋರಿಸುವಷ್ಟು ಅದರ ದೃಷ್ಟಿ ಚುರುಕಲ್ಲ.

ಮೊದಲ ಒಡೆಯರು ಸಿಕ್ಕಿದ್ದು 1949ರಲ್ಲಿ. ಸಿಡ್ನಿಯ ಸಮುದ್ರದಂಡೆಯ ಬಂಡೆಯ ಮೇಲೆ ಆಂಟೆನಾ ಇಟ್ಟು, ಆಕಾಶದಿಂದ ನೇರ ಬಂದ ಅಲೆ ಮತ್ತು ಸಮುದ್ರದ ನೀರಿಗೆ ತಾಗಿ ಪುಟಿದ ಅಲೆ, ಎರಡನ್ನೂ ಕೂಡಿಸಿ ಜಾನ್ ಬೋಲ್ಟನ್ ಮತ್ತು ಜೊತೆಗಾರರು ಮೂರು ಸದ್ದುಗಳ ವಿಳಾಸ ಹಿಡಿದರು. ಎರಡು, ದೂರದ ಬ್ರಹ್ಮಾಂಡಗಳು, ಅಂದರೆ ಗೆಲಾಕ್ಸಿಗಳು. ಇನ್ನೊಂದು ವೃಷಭ ರಾಶಿಯ ಏಡಿ ನೀಹಾರಿಕೆ. ರೋಹಿಣಿ ನಕ್ಷತ್ರದ ಹೆಸರಿನಲ್ಲಿ ಮಳೆಯ ಲೆಕ್ಕ ಹಾಕುವ ನಮಗೆ ಆ ಜಾಗ ಹೊಸದಲ್ಲ. ರೋಹಿಣಿಯಿಂದ ತುಸು ಈಶಾನ್ಯಕ್ಕೆ, ಎತ್ತಿನ ಕೊಂಬಿನ ತುದಿಯ ಹತ್ತಿರ ಅದಿದೆ. 1054ರಲ್ಲಿ ಅಲ್ಲೊಂದು ನಕ್ಷತ್ರ ಸಿಡಿದು, 23 ದಿನ ಹಗಲಲ್ಲೂ ಕಂಡಿತೆಂದು ಚೀನಾದವರು ಬರೆದಿಟ್ಟಿದ್ದಾರೆ. ಅಣ್ಣಿಗೇರಿಯ ಅಮೃತೇಶ್ವರ ಗುಡಿ ಎದ್ದ ಶತಮಾನ ಅದು. ಆ ಸಿಡಿತದ ಚೂರುಗಳು ಇನ್ನೂ ಸದ್ದು ಮಾಡುತ್ತಿವೆ.

ಆಮೇಲೆ ಪಟ್ಟಿಗಳ ಕಾಲ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಮಾರ್ಟಿನ್ ರೈಲ್ ಅವರ ತಂಡ 1950ರಲ್ಲಿ ರೇಡಿಯೋ ಸದ್ದಿನ 50 ಮೂಲಗಳ ಪಟ್ಟಿ ಕೊಟ್ಟಿತು. 1955ರಲ್ಲಿ ಎರಡನೆಯದು, 2ಸಿ ಪಟ್ಟಿ: ಒಮ್ಮೆಗೇ 1,936 ಮೂಲಗಳು. ಮಸುಕಾದ, ಅಂದರೆ ದೂರದ ಮೂಲಗಳು ಲೆಕ್ಕಕ್ಕಿಂತ ಬಹಳ ಹೆಚ್ಚು ಇದ್ದವು. ದೂರ ಅಂದರೆ ಹಿಂದಿನ ಕಾಲ. ಹಿಂದೆ ಹೆಚ್ಚಿದ್ದವು ಈಗ ಕಡಿಮೆ ಅಂದರೆ ವಿಶ್ವ ಬದಲಾಗುತ್ತ ಬಂದಿದೆ. ಸದಾ ಒಂದೇ ರೀತಿ ಇದೆ ಎಂಬ ಫ್ರೆಡ್ ಹಾಯ್ಲ್ ಅವರ ವಾದ ಬಿದ್ದಿತು ಎಂದು ರೈಲ್ ಸಾರಿದರು.

ಆದರೆ ಸಿಡ್ನಿಯಲ್ಲಿ ಬರ್ನಾರ್ಡ್ ಮಿಲ್ಸ್ ಅದೇ ಆಕಾಶದ ತುಣುಕನ್ನು ಇನ್ನೂ ಚುರುಕಾದ ಯಂತ್ರದಿಂದ ಅಳೆದಿದ್ದರು. ಎರಡು ಪಟ್ಟಿ ಪಕ್ಕಪಕ್ಕ ಇಟ್ಟರೆ ತಾಳೆಯೇ ಆಗಲಿಲ್ಲ. ಏನಾಗಿತ್ತೆಂದರೆ, ಕೇಂಬ್ರಿಜ್‌ನ ಯಂತ್ರದ ದೃಷ್ಟಿ ಅಗಲವಾಗಿತ್ತು. ಅಕ್ಕಪಕ್ಕದ ಎರಡು ಮೂರು ಮಸುಕು ಮೂಲಗಳು ಕೂಡಿ ಅದಕ್ಕೆ ಒಂದೇ ಜೋರಾದ ಮೂಲವಾಗಿ ಕೇಳಿಸಿದ್ದವು. ನಮ್ಮಲ್ಲಿ ಅಣ್ಣತಮ್ಮಂದಿರ ಹಿಸ್ಸಾ ಬೇರೆಯಾಗದೆ ಒಂದೇ ಉತಾರದಲ್ಲಿ ಉಳಿದು, ಮುಂದೆ ಕೋರ್ಟು ಕಚೇರಿ ಆಗುತ್ತದಲ್ಲ, ಅದೇ ಕಥೆ. ಇಲ್ಲೂ ಜಗಳ ವರ್ಷಗಟ್ಟಲೆ ನಡೆಯಿತು. ರೈಲ್ 1961ರಲ್ಲಿ ಹೊಸ ಲೆಕ್ಕದೊಂದಿಗೆ ಮತ್ತೆ ಹಾಯ್ಲ್ ಅವರನ್ನು ಎದುರಿಸಿದಾಗ, ಹಾಯ್ಲ್ ಪರವಾಗಿ ಲಂಡನ್ನಿನ ಸಭೆಯಲ್ಲಿ ಎದ್ದು ಉತ್ತರ ಕೊಟ್ಟ ವಿದ್ಯಾರ್ಥಿ ಯಾರು ಬಲ್ಲಿರಾ? ನಮ್ಮ ನೆರೆಯ ಕೊಲ್ಹಾಪುರದಲ್ಲಿ ಹುಟ್ಟಿದ ಜಯಂತ ನಾರ್ಳೀಕರ್.

ರೈಲ್ ಅವರ ಲೆಕ್ಕ ತಪ್ಪಿತ್ತು, ತೀರ್ಮಾನ ಉಳಿಯಿತು. ತಪ್ಪಿನಿಂದ ಕಲಿತು ಮಾಡಿದ ಮೂರನೆಯ ಪಟ್ಟಿ, 3ಸಿ, 1959ರಲ್ಲಿ 471 ಮೂಲಗಳಿಗೆ ಇಳಿಯಿತು. 1962ರಲ್ಲಿ ಮತ್ತೆ ಜಾಲಾಡಿಸಿ 328ಕ್ಕೆ ನಿಲ್ಲಿಸಿದರು. ಸಾವಿರದ ಒಂಬೈನೂರು ಕೊಟ್ಟು ಮುಖಭಂಗವಾದವರು ಮುನ್ನೂರಕ್ಕೆ ಇಳಿಯುವುದಿದೆಯಲ್ಲ, ಅದಕ್ಕೇ ಎದೆ ಬೇಕು. ಈ ಪಟ್ಟಿಯ ನಂಬರುಗಳನ್ನು ವಿಜ್ಞಾನಿಗಳು ಇವತ್ತಿಗೂ ಸರ್ವೆ ನಂಬರಿನಂತೆ ಬಾಯಿಪಾಠ ಹೇಳುತ್ತಾರೆ. 273ನೆಯ ನಂಬರನ್ನು 1962ರ ಆಗಸ್ಟಿನಲ್ಲಿ ಚಂದ್ರ ಅಡ್ಡ ಬಂದು ಮುಚ್ಚಿದ. ಸದ್ದು ನಿಂತ ಕ್ಷಣ, ಮತ್ತೆ ಶುರುವಾದ ಕ್ಷಣ ಗುರುತಿಸಿ, ಆಸ್ಟ್ರೇಲಿಯಾದ ಪಾರ್ಕ್ಸ್‌ನಲ್ಲಿ ಸಿರಿಲ್ ಹಝಾರ್ಡ್ ಅದರ ವಿಳಾಸ ಹಿಡಿದರು. ಮರುವರ್ಷ ಮಾರ್ಟನ್ ಶ್ಮಿಟ್ ಆ ವಿಳಾಸದಲ್ಲಿ ನಕ್ಷತ್ರದಂತೆ ಕಾಣುವ ಚುಕ್ಕೆಯ ಬೆಳಕನ್ನು ಬಿಡಿಸಿ ನೋಡಿದರೆ, ಅದು 200 ಕೋಟಿ ಜ್ಯೋತಿರ್ವರ್ಷಕ್ಕೂ ಆಚೆಯದು. ಇಂಥವಕ್ಕೆ ಕ್ವೇಸಾರ್ ಎಂಬ ಹೆಸರು ಬಂದದ್ದು ಆಮೇಲೆ.

ಚಂದ್ರನನ್ನು ಹೀಗೆ ಬಾಂದುಗಲ್ಲು ಮಾಡಿಕೊಳ್ಳುವ ಉಪಾಯ ನಮ್ಮ ದೇಶದ ರೇಡಿಯೋ ಖಗೋಲವಿಜ್ಞಾನಿ ಗೋವಿಂದ ಸ್ವರೂಪ್ ಅವರ ಮನಸ್ಸು ಹಿಡಿಯಿತು. ಊಟಿಯಲ್ಲಿ, ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ಇಳಿಜಾರಿರುವ ಗುಡ್ಡ ಹುಡುಕಿ, 530 ಮೀಟರ್ ಉದ್ದದ ದೂರದರ್ಶಕವನ್ನು 1970ರಲ್ಲಿ ನಿಲ್ಲಿಸಿದರು. ಸಾವಿರಕ್ಕೂ ಹೆಚ್ಚು ಮೂಲಗಳನ್ನು ಅಲ್ಲಿ ಚಂದ್ರನ ಅಂಚಿನಿಂದ ಅಳೆದರು. ಆ ಅಳತೆಗಳಿಂದ ವಿಜಯ್ ಕಪಾಹಿ 1975ರಲ್ಲಿ ತೋರಿಸಿದ್ದೂ ರೈಲ್ ಅವರ ಕಡೆಗೇ ವಾಲಿತು.

ಈಗ ನಮ್ಮ ರಾಜ್ಯಕ್ಕೆ ಬನ್ನಿ. ಬೆಂಗಳೂರಿನಿಂದ ಉತ್ತರಕ್ಕೆ ಗೌರಿಬಿದನೂರು. 1976ರಿಂದ ಅಲ್ಲಿ ಭಾರತೀಯ ತಾರಾಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ನಡೆಸಿದ ದೂರದರ್ಶಕವಿದೆ. ಮೊದಲ ಸಲ ನೋಡಿದಾಗ ನನಗೆ ನಿರಾಸೆಯಾಯಿತು, ಮುಚ್ಚಿಟ್ಟು ಏನು? ದೊಡ್ಡ ಬೋಗುಣಿ ಇಲ್ಲ, ತಿರುಗುವ ಗುಮ್ಮಟ ಇಲ್ಲ. ಕಂಬಗಳು, ಕಂಬಗಳಿಗೆ ಕಟ್ಟಿದ ತಂತಿಗಳು, ಸಾಲು ಸಾಲಾಗಿ. ದೂರದಿಂದ ಆ ಸೀಮೆಯ ದ್ರಾಕ್ಷಿ ಚಪ್ಪರದಂತೆ. ಪೂರ್ವ–ಪಶ್ಚಿಮಕ್ಕೆ 1.4 ಕಿಲೋಮೀಟರ್ ಉದ್ದ 640 ದ್ವಿಧ್ರುವ ಆಂಟೆನಾಗಳು, ನಡುವಿನಿಂದ ದಕ್ಷಿಣಕ್ಕೆ ಸುಮಾರು ಅರ್ಧ ಕಿಲೋಮೀಟರ್ 360. ಒಟ್ಟು ಒಂದು ಸಾವಿರ. ಮೇಲಿಂದ ನೋಡಿದರೆ ಇಂಗ್ಲಿಷಿನ ‘ಟೀ’ ಅಕ್ಷರ.

ಇದು ಕೇಳುತ್ತಿದ್ದದ್ದು 34.5 ಮೆಗಾಹರ್ಟ್ಸ್, ಅಲೆಯೊಂದರ ಉದ್ದ 8.7 ಮೀಟರ್. ರಾತ್ರಿ ಹೊತ್ತು ದೂರದ ಊರುಗಳ ಸ್ಟೇಷನ್ನುಗಳು ನಮ್ಮ ರೇಡಿಯೋದಲ್ಲಿ ನುಸುಳುತ್ತವಲ್ಲ, ಅದಕ್ಕೆ ಕಾರಣ ತಲೆಯ ಮೇಲಿನ ಅಯಾನುಗೋಲ. ನೆಲದ ಮೀಡಿಯಂ ವೇವ್ ಅಲೆಯನ್ನು ಅದು ಕೆಳಗೆ ತಳ್ಳುತ್ತದೆ. ಆಕಾಶದಿಂದ ಬರುವ ಅಂಥ ಉದ್ದದ ಅಲೆಯನ್ನೂ ಹಾಗೆಯೇ ಮೇಲೆ ತಳ್ಳಿಬಿಡುತ್ತದೆ. 34.5 ಆ ಮುಚ್ಚಳದ ಸಮೀಪದ ತಾಣ. ಅಲೆ ಅಲ್ಲಾಡುತ್ತದೆ, ನೆಲದ ಶಾರ್ಟ್ ವೇವ್ ಗದ್ದಲವೂ ನುಗ್ಗುತ್ತದೆ. ಎಷ್ಟೋ ರಾತ್ರಿಗಳ ದುಡಿಮೆ ಹಾಳು. ಆದರೂ ಅಲ್ಲಿಯೇ ಕೇಳಬೇಕು, ಏಕೆಂದರೆ ಆಕಾಶದ ಈ ಸದ್ದು ಹೊರಡಿಸುವ ಎಲೆಕ್ಟ್ರಾನ್‌ಗಳಲ್ಲಿ ಬಿರುಸು ಕಳೆದುಕೊಂಡ ಹಳೆಯವು ಚೆನ್ನಾಗಿ ಕೇಳಿಸುವುದು ಆ ತಗ್ಗು ಸ್ವರದಲ್ಲೇ.

ಚಪ್ಪರ ಕದಲುವುದಿಲ್ಲ. ತೇರಿನ ಹಗ್ಗ ಎಳೆಯುವಾಗ ಒಂದು ಬದಿಯವರು ಒಂದು ಕ್ಷಣ ತಡೆದು ಎಳೆದರೆ ತೇರು ಹೊರಳುತ್ತದಲ್ಲ, ಹಾಗೆ ಒಂದೊಂದು ಆಂಟೆನಾದ ಸಂಕೇತವನ್ನು ಕೂದಲೆಳೆಯಷ್ಟು ಹೊತ್ತು ತಡೆದು ಕೂಡಿಸಿದರೆ ಯಂತ್ರದ ದೃಷ್ಟಿ ಉತ್ತರಕ್ಕೋ ದಕ್ಷಿಣಕ್ಕೋ ಹೊರಳುತ್ತದೆ. ಪೂರ್ವ–ಪಶ್ಚಿಮದ ಕೆಲಸ ಭೂಮಿಯದು. ಆಕಾಶವೇ ಮೇಲಿಂದ ಹಾದುಹೋಗುತ್ತದೆ. ಸಿ.ಎಚ್.ವಿ. ಶಾಸ್ತ್ರಿ ಈ ಕೇಂದ್ರವನ್ನು ಕಟ್ಟಿ ಬೆಳೆಸಿದವರಲ್ಲಿ ಮುಖ್ಯರು. ಕೆ.ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ 1990ರಲ್ಲಿ ಇಲ್ಲಿಂದ ಪ್ರಕಟಿಸಿದ ನಕ್ಷೆ ದಕ್ಷಿಣದ 50 ಡಿಗ್ರಿಯಿಂದ ಉತ್ತರದ 70 ಡಿಗ್ರಿವರೆಗಿನ ಆಕಾಶವನ್ನು ಸುತ್ತಿಬಂತು. ಇಷ್ಟು ತಗ್ಗು ಆವರ್ತನದಲ್ಲಿ ಇಷ್ಟಗಲದ ಆಕಾಶವನ್ನು ಒಂದೇ ಯಂತ್ರ ಅಳೆದದ್ದು ಅಪರೂಪ. ಗೌರಿಬಿದನೂರು ಸಮಭಾಜಕದ ಹತ್ತಿರ, 14 ಡಿಗ್ರಿಯ ಒಳಗಿರುವುದರಿಂದ ಎರಡೂ ಕಡೆಯ ಆಕಾಶ ಅದಕ್ಕೆ ದಕ್ಕಿತು. ಕೇಂಬ್ರಿಜ್‌ಗೆ ಆ ಭಾಗ್ಯವಿಲ್ಲ.

ಹಾಗೆಂದು ಹೊಗಳಿಕೆಗೆ ಮಿತಿ ಬೇಕು. ಇಷ್ಟು ಉದ್ದದ ಚಪ್ಪರಕ್ಕೂ ಹೆಚ್ಚೂಕಡಿಮೆ ಚಂದ್ರನ ಬಿಲ್ಲೆಯಷ್ಟು ಜಾಗ ಒಂದೇ ಚುಕ್ಕೆ. ಅದರೊಳಗಿನ ಹಿಸ್ಸಾ ಬಿಡಿಸಲು ಅದಕ್ಕಾಗದು. ಉದಯಶಂಕರ್ ಮತ್ತಿತರರು ಮುಂದೆ ಮಾರಿಷಸ್ ದ್ವೀಪದಲ್ಲಿ ಇದೇ ಟೀ ಆಕಾರದ, ಇನ್ನೂ ದೊಡ್ಡ ಯಂತ್ರದಿಂದ ದಕ್ಷಿಣದ ಆಕಾಶ ಅಳೆದರು.

ಹಿಸ್ಸಾ ಬಿಡಿಸುವ ಕೆಲಸ ಮಾಡಿದ್ದು ಪುಣೆಯ ಉತ್ತರಕ್ಕೆ, ಖೋಡದ್ ಸುತ್ತಲಿನ 30 ಬೋಗುಣಿಗಳು; ಒಂದೊಂದೂ 45 ಮೀಟರ್ ಅಗಲ. ಅವು 2010ರಿಂದ 2012ರವರೆಗೆ 150 ಮೆಗಾಹರ್ಟ್ಸ್‌ನಲ್ಲಿ ಆಕಾಶದ ಹತ್ತರಲ್ಲಿ ಒಂಬತ್ತು ಪಾಲನ್ನು ಅಳೆದವು. 2017ರಲ್ಲಿ ಬಂದ ಪಟ್ಟಿಯಲ್ಲಿ ಸುಮಾರು 6 ಲಕ್ಷ 20 ಸಾವಿರ ಮೂಲಗಳಿವೆ. ಐವತ್ತು ಮೂಲಗಳ ಪಟ್ಟಿಯಿಂದ ಇಲ್ಲಿಗೆ 67 ವರ್ಷ.

ಈ ಪಟ್ಟಿಯಲ್ಲಿ ಹಳೆಯ ತೊಡಕು ತಲೆಕೆಳಗಾಗಿ ಬಂದಿದೆ. ಆಗ ಇಬ್ಬರ ಹೊಲ ಒಂದೇ ಉತಾರದಲ್ಲಿತ್ತು. ಈಗ ಒಬ್ಬನದೇ ಹೊಲ ಎರಡು ಉತಾರದಲ್ಲಿ. ಬ್ರಹ್ಮಾಂಡವೊಂದು ತನ್ನ ನಡುವಿನಿಂದ ಎರಡೂ ಬದಿಗೆ ಚಿಮ್ಮಿಸಿದ ಅನಿಲದ ಮೋಡಗಳು ಎಷ್ಟೋ ಕಡೆ ಎರಡು ಬೇರೆ ಮೂಲಗಳಾಗಿ ದಾಖಲಾಗುತ್ತವೆ. ಅವನ್ನು ಜೋಡಿಸಲು ಕಂಪ್ಯೂಟರಿಗಿಂತ ಮನುಷ್ಯನ ಕಣ್ಣು ಎಷ್ಟೋ ಸಲ ವಾಸಿ. ಚಿತ್ರಗಳು ಅಂತರಜಾಲದಲ್ಲಿ ಯಾರು ಬೇಕಾದರೂ ನೋಡುವಂತೆ ತೆರೆದಿವೆ. 2013ರಲ್ಲಿ ಶುರುವಾದ ರ‍್ಯಾಡ್ ಅಟ್ ಹೋಮ್ ಎಂಬ ಬಳಗ ವಿದ್ಯಾರ್ಥಿಗಳಿಗೆ ಇದನ್ನೇ ಪುಕ್ಕಟೆ ಕಲಿಸುತ್ತದೆ. ಕಲಘಟಗಿ, ಕುಂದಗೋಳ, ನವಲಗುಂದದ ಕಾಲೇಜು ಮಕ್ಕಳಿಗೆ ನನ್ನದೊಂದು ಮಾತು: ಮೊಬೈಲು ಕೈಯಲ್ಲಿದ್ದೇ ಇದೆ, ಒಮ್ಮೆ ಆ ಚಿತ್ರಗಳನ್ನು ತೆರೆಯಿರಿ. ಮೊದಲು ಕನ್ಯಾ ರಾಶಿಯಲ್ಲಿ 273ನೆಯ ನಂಬರು ಹುಡುಕಿರಿ. ಅಲ್ಲಿಂದ ಮುಂದೆ, ಜೋಡಿ ಚುಕ್ಕೆ ಎಲ್ಲಿ ಕಂಡರೂ ನಡುವೆ ಒಡೆಯನಿದ್ದಾನೆಯೇ ನೋಡಿರಿ.